‘ಬಣ್ಣ ಬಂದಿದೆಯಲ್ಲಾ, ಏನು ಹಚ್ತೀಯಾ?’ ಅಂದರೆ ಏನು ಹೇಳಲಿ?

ಪ್ರಶ್ನೆ: ಅಕ್ಕ, ಎಂಟು ತಿಂಗಳಿಂದ ಮುಖಕ್ಕೆ ಒಂದು ಕ್ರೀಮ್ ಹಚ್ಚುತ್ತಿದ್ದೇನೆ. ನಿಜವಾಗಿಯೂ ಬಣ್ಣ ಬಂದಿದೆ. ಆದರೆ ಮದುವೆಗೆ ಹೋಗಲಿ, ನಾಮಕರಣಕ್ಕೆ ಹೋಗಲಿ, ಅದೇ ಮಾತು. ಚಿಕ್ಕಮ್ಮ ಹೊಗಳುತ್ತಾರೆ. ಓರಗೆಯವರು ಆಡಿಕೊಳ್ಳುತ್ತಾರೆ. ಒಬ್ಬ ಗೆಳತಿಯಂತೂ ‘ನಿನ್ನ ಬಣ್ಣದ ಮೇಲೆ ನಿನಗೇ ನಾಚಿಕೆಯಾ’ ಅಂತ ಜಗಳಕ್ಕೇ ಬಂದಳು. ಇವರಿಗೆಲ್ಲ ಏನು ಹೇಳಲಿ? ಕ್ರೀಮ್ ನನಗೆ ಸೂಟ್ ಆಗಿದೆ. ಎರಡು ದಿನ ಬಿಟ್ಟರೆ ಮಾತ್ರ ಮುಖ ಉರಿದು ಕೆಡುತ್ತದೆ.

ಉತ್ತರ: ಮೆಡಿಕಲ್ ಶಾಪ್ ಕೌಂಟರಿನ ಹಿಂದೆ ನಿಂತು ಇಪ್ಪತ್ತು ವರ್ಷ ದಾಟಿತು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಹುಡುಗಿಯರು ಮಾತ್ರ ಅಲ್ಲ, ಹುಡುಗರೂ ಬರುತ್ತಾರೆ. ಜನರ ಮಾತಿಗೆ ಏನು ಹೇಳಬೇಕು ಅನ್ನುವುದನ್ನು ಮೊದಲು ಹೇಳುತ್ತೇನೆ. ಆಮೇಲೆ ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ಬರುತ್ತೇನೆ. ಇವತ್ತು ಬರೆಯಲು ಕೂತಿದ್ದೇ ಆ ಸಾಲಿಗಾಗಿ.

ಆಡಿಕೊಳ್ಳುವವರ ವಿಷಯ ಸುಲಭ. ‘ಮುಖ ಒಬ್ಬರದು, ಕೈ ಇನ್ನೊಬ್ಬರದು’ ಅಂತ ನಗುತ್ತಾರೆ ಅಲ್ವಾ? ಮುಚ್ಚಿಡಬೇಡಿ. ‘ಹೌದು, ಮುಖಕ್ಕೆ ಔಷಧಿ ಹಚ್ತಾ ಇದ್ದೀನಿ’ ಅಂದುಬಿಡಿ. ಮುಚ್ಚಿಟ್ಟಿದ್ದನ್ನು ಕೆದಕುವುದರಲ್ಲೇ ಅವರಿಗೆ ಖುಷಿ. ನೀವೇ ಹೇಳಿದ ಮೇಲೆ ಕೆದಕಲು ಏನೂ ಉಳಿಯುವುದಿಲ್ಲ.

ಜಗಳಕ್ಕೆ ಬಂದ ಗೆಳತಿಗೆ ನಿಮ್ಮ ಮೇಲೆ ಪ್ರೀತಿ ಇದೆ. ಆದರೆ ಚಿಕ್ಕಂದಿನಿಂದ ಆ ಮಾತುಗಳನ್ನು ಕೇಳಿ ಬೆಳೆದದ್ದು ನೀವು. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಅಂತ ಎಷ್ಟು ಜನ ಹೇಳಿರಬಹುದು? ಆ ‘ಇದ್ದರೂ’ದಲ್ಲಿರುವ ‘ರೂ’ ಒಂದೇ ಅಕ್ಷರ. ಎಷ್ಟು ಚುಚ್ಚುತ್ತದೆ ಅನ್ನುವುದು ಚುಚ್ಚಿಸಿಕೊಂಡವರಿಗೇ ಗೊತ್ತು. ‘ಬಣ್ಣ ಬಂದಿದೆ’ ಅನ್ನುವ ಮಾತನ್ನೇ ನೋಡಿ. ಮೊದಲು ನಿಮಗೆ ಬಣ್ಣವೇ ಇರಲಿಲ್ಲ ಅನ್ನುವ ಹಾಗಿದೆ. ಗೆಳತಿಗೆ ಇದನ್ನೆಲ್ಲ ಕೂತು ಹೇಳಿ. ಬೈದು ಕಳಿಸಬೇಡಿ.

ನನಗೆ ಭಯ ಇರುವುದು ಹೊಗಳುವ ಚಿಕ್ಕಮ್ಮನ ಬಗ್ಗೆ. ಅವರು ಕೆಟ್ಟವರಲ್ಲ. ಆದರೆ ಒಮ್ಮೆ ಹೊಗಳಿಸಿಕೊಂಡವರಿಗೆ ಟ್ಯೂಬ್ ಬಿಡಲು ಧೈರ್ಯ ಬರುವುದಿಲ್ಲ. ಮುಂದಿನ ಮದುವೆಯಲ್ಲಿ ಮತ್ತೆ ಕಪ್ಪಗೆ ಕಂಡರೆ ಏನಂದಾರು ಅನ್ನುವ ಹೆದರಿಕೆ ಹತ್ತುತ್ತದೆ. ಹೊಗಳಿದ ಮೇಲೆ ಅವರು ಕೇಳುವ ಪ್ರಶ್ನೆಯೂ ಇದೆ: ‘ಯಾವ ಕ್ರೀಮ್? ನಮ್ಮ ಹುಡುಗಿಗೂ ಹೇಳು.’ ಆ ಹೆಸರು ಮಾತ್ರ ನಿಮ್ಮ ಬಾಯಿಂದ ಹೊರಡಬಾರದು. ‘ಅದು ಡಾಕ್ಟರ್ ಚೀಟಿ ಮೇಲೆ ತಗೊಳ್ಳೋ ಔಷಧಿ ಚಿಕ್ಕಮ್ಮ, ನಾನೂ ಬಿಡ್ತಾ ಇದ್ದೀನಿ’ ಅನ್ನಿ. ನಮ್ಮ ಅಂಗಡಿಗೆ ಬರುವವರು ಡಾಕ್ಟರ್ ಹೆಸರು ಹೇಳುವುದು ಕಡಿಮೆ. ‘ನಮ್ಮ ನಾದಿನಿ ಹಚ್ತಾರಲ್ಲ, ಅದೇ ಕೊಡಿ’ ಅನ್ನುವವರೇ ಜಾಸ್ತಿ.

ಈಗ ಕೊನೆಯ ಸಾಲಿಗೆ ಬರೋಣ. ‘ಕ್ರೀಮ್ ಸೂಟ್ ಆಗಿದೆ, ಬಿಟ್ಟರೆ ಮಾತ್ರ ಕೆಡುತ್ತದೆ.’ ಇದರಷ್ಟು ಗಟ್ಟಿಯಾಗಿ ಬೇರು ಬಿಟ್ಟ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಎಂಟು ತಿಂಗಳಲ್ಲಿ ಇಷ್ಟು ಬಿಳುಪು, ಬಿಟ್ಟರೆ ಎರಡೇ ದಿನದಲ್ಲಿ ಉರಿ. ಇದನ್ನು ಕೇಳಿದರೆ ಆ ಟ್ಯೂಬಿನಲ್ಲಿ ಸ್ಟೀರಾಯ್ಡ್, ಅಂದರೆ ಉರಿಯೂತ ಅದುಮುವ ಮದ್ದು, ಇರಬಹುದು ಅನ್ನುವುದೇ ನನಗೆ ಮೊದಲು ಬರುವ ಅನುಮಾನ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಜೊತೆಗೆ ಹೈಡ್ರೋಕ್ವಿನೋನ್ ಮತ್ತು ಟ್ರೆಟಿನಾಯಿನ್ ಇದ್ದರೆ ಅದು ಬಂಗಿಗೆ, ಅಂದರೆ ಮುಖದ ಕಂದು ಕಲೆಗೆ, ಡಾಕ್ಟರು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುವ ಮೂರು ಮದ್ದಿನ ಮಿಶ್ರಣ. ಅದನ್ನು ದಿನಾ ಹಚ್ಚುವ ಫೇರ್‌ನೆಸ್ ಕ್ರೀಮ್ ಅಂದುಕೊಂಡು ವರ್ಷಗಟ್ಟಲೆ ಹಚ್ಚುತ್ತಾರೆ.

ಸ್ಟೀರಾಯ್ಡ್ ಮುಖವನ್ನು ಹೇಗೆ ಬೆಳ್ಳಗೆ ಮಾಡುತ್ತದೆ ಗೊತ್ತಾ? ಚರ್ಮದ ಕೆಳಗಿನ ಸಣ್ಣ ಸಣ್ಣ ರಕ್ತನಾಳಗಳನ್ನು ಅದು ಬಿಗಿ ಮಾಡುತ್ತದೆ. ರಕ್ತ ಕಡಿಮೆ ಹರಿಯುತ್ತದೆ, ಚರ್ಮ ಬಿಳಿಚಿಕೊಳ್ಳುತ್ತದೆ. ಇದು ಹಚ್ಚಿದ ಕೆಲವೇ ಗಂಟೆಗಳಲ್ಲಿ ಆಗುವ ಕೆಲಸ. ಒಂದು ಸ್ಟೀರಾಯ್ಡ್ ಎಷ್ಟು ಪವರ್ ಇದೆ ಅಂತ ಅಳೆಯುವ ಪರೀಕ್ಷೆಯೂ ಇದೇ. ಮೊಣಕೈ ಕೆಳಗೆ ಸ್ವಲ್ಪ ಹಚ್ಚಿ, ಆ ಜಾಗ ಎಷ್ಟು ಬಿಳಿಚಿತು ಅಂತ ನೋಡುತ್ತಾರೆ. ಈ ಪರೀಕ್ಷೆ 1962ರಿಂದ ಇದೆ. ಅಂದರೆ ಚಿಕ್ಕಮ್ಮ ಹೊಗಳಿದ ಬಿಳುಪಿನಲ್ಲಿ ಒಂದು ಪಾಲು ರಕ್ತ ಸರಿಯಾಗಿ ಹರಿಯದ ಚರ್ಮದ ಬಿಳುಪು.

ಉಳಿದ ಪಾಲು ಮೆಲನಿನ್, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ವಸ್ತು, ಕಡಿಮೆಯಾಗಿದ್ದು. ಬಣ್ಣ ತಯಾರಿಸುವ ಜೀವಕೋಶಗಳು ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಇರುತ್ತವೆ. ವ್ಯತ್ಯಾಸ ಇರುವುದು ಅವು ತಯಾರಿಸುವ ಮೆಲನಿನ್ನಿನಲ್ಲಿ. ಕ್ರೀಮ್ ಆ ಕೆಲಸವನ್ನು ಸ್ವಲ್ಪ ದಿನ ತಡೆಯುತ್ತದೆ, ಅಷ್ಟೇ. ಕ್ರೀಮ್ ನಿಂತರೆ ಕೋಶ ಮತ್ತೆ ಕೆಲಸಕ್ಕೆ ಕೂರುತ್ತದೆ. ನಿಮ್ಮ ಹುಟ್ಟು ಬಣ್ಣ ಯಾವುದು ಅಂತ ನೋಡಬೇಕಾ? ತೋಳನ್ನು ಎತ್ತಿ, ಕಂಕುಳ ಹತ್ತಿರದ ಒಳಭಾಗ ನೋಡಿ. ಬಿಸಿಲಿಗೆ ಕಪ್ಪಾದ ಮುಖ ಬಿಸಿಲು ತಪ್ಪಿಸಿದರೆ ಆ ಬಣ್ಣದ ಹತ್ತಿರಕ್ಕೆ ಬರುತ್ತದೆ. ಅದಕ್ಕಿಂತ ಬೆಳ್ಳಗಾದರೆ ಅದು ಮದ್ದಿನ ಕೆಲಸ.

ಹಾಗಾದರೆ ಬಿಟ್ಟ ಕೂಡಲೇ ಯಾಕೆ ಉರಿ? ತಿಂಗಳುಗಟ್ಟಲೆ ಬಿಗಿಯಾಗಿದ್ದ ರಕ್ತನಾಳಗಳು ಒಮ್ಮೆಲೇ ಅಗಲವಾಗುತ್ತವೆ. ಮುಖ ಕೆಂಪಗೆ ಕಾದ ಹಾಗಾಗುತ್ತದೆ. ಅದುಮಿಟ್ಟಿದ್ದ ಮೊಡವೆ ಏಳುತ್ತದೆ. ತೆಳುವಾದ ಚರ್ಮ ಬಿಸಿಲು ತಡೆಯುವುದಿಲ್ಲ, ಇನ್ನಷ್ಟು ಕಪ್ಪಾಗುತ್ತದೆ. ಹೆದರಿ ಮತ್ತೆ ಕ್ರೀಮ್ ಹಚ್ಚುತ್ತೀರಿ, ಅರ್ಧ ದಿನದಲ್ಲಿ ತಣ್ಣಗಾಗುತ್ತದೆ. ‘ನೋಡಿ, ನನ್ನ ಮುಖಕ್ಕೆ ಇದೇ ಬೇಕು’ ಅನ್ನುತ್ತೀರಿ. ದಿನಾ ಬೆಳಿಗ್ಗೆ ಕಾಫಿ ಕುಡಿಯುವವರಿಗೆ ಒಂದು ದಿನ ತಪ್ಪಿದರೆ ತಲೆ ಸಿಡಿಯುತ್ತದೆ. ಕುಡಿದ ಕೂಡಲೇ ನಿಲ್ಲುತ್ತದೆ. ತಲೆನೋವಿಗೆ ಕಾಫಿಯೇ ಮದ್ದು ಅಂತ ಯಾರಾದರೂ ಹೇಳುತ್ತಾರಾ? ಸೂಟ್ ಆದ ಕ್ರೀಮ್ ಬಿಟ್ಟರೂ ಚರ್ಮ ಸುಮ್ಮನಿರುತ್ತದೆ. ಬಿಟ್ಟರೆ ಉರಿಯುತ್ತಿದೆ ಅಂದರೆ ಚರ್ಮಕ್ಕೆ ಅದರ ಚಟ ಹಿಡಿದಿದೆ.

ಹೋದ ಬೇಸಿಗೆಯಲ್ಲಿ ಒಬ್ಬ ತಾಯಿ ಬಂದಿದ್ದರು. ಕೌಂಟರ್ ಮೇಲೆ ಒಂದು ಟ್ಯೂಬ್ ಇಟ್ಟರು. ಪೇಸ್ಟಿನ ಟ್ಯೂಬಿನ ಹಾಗೆ ತುದಿಯಿಂದ ಸುತ್ತಿ ಸುತ್ತಿ, ಕೊನೆಯ ಹನಿಯನ್ನೂ ತೆಗೆದಿದ್ದರು. ಹೆಸರು ಅಳಿಸಿಹೋಗಿತ್ತು. ನಾಲ್ಕು ವರ್ಷದಿಂದ ಹಚ್ಚುತ್ತಿದ್ದಾರಂತೆ. ಟ್ಯೂಬ್‌ಲೈಟಿನ ಕೆಳಗೆ ಕೆನ್ನೆ ನೋಡಿದೆ. ಈರುಳ್ಳಿ ಪದರದಷ್ಟು ತೆಳುವಾದ ಚರ್ಮ. ಅದರ ಒಳಗೆ ಕೆಂಪು ದಾರ ಎಳೆದ ಹಾಗೆ ರಕ್ತನಾಳ. ಗಲ್ಲದ ಮೇಲೆ ಸಣ್ಣ ಕೂದಲು. ಒಲೆ ಮುಂದೆ ಹತ್ತು ನಿಮಿಷ ನಿಲ್ಲೋಕಾಗಲ್ಲ, ಮುಖ ಬೆಂದ ಹಾಗಾಗುತ್ತದೆ ಅಂದರು. ಆಮೇಲೆ ‘ಇನ್ನೊಂದು ಟ್ಯೂಬ್ ಕೊಡಿ’ ಅಂದರು. ನಾನು ಕೊಡಲಿಲ್ಲ. ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳ ಮೇಲಿನ ನಿಯಮವನ್ನು ಸರ್ಕಾರ 2018ರಲ್ಲಿ ಬಿಗಿ ಮಾಡಿತು. ಚೀಟಿ ಇಲ್ಲದೆ ಮಾರುವುದು ತಪ್ಪು. ಆದರೂ ಮಾರುವವರಿದ್ದಾರೆ. ನನ್ನದೇ ವೃತ್ತಿಯವರು. ಹೇಳಲು ನೋವಾಗುತ್ತದೆ.

ನಿಮ್ಮ ಡಬ್ಬಿಯ ಮೇಲೆ ಒಳಗೇನಿದೆ ಅಂತಲೇ ಬರೆದಿಲ್ಲವಾ? ತಯಾರಿಸಿದವರ ವಿಳಾಸವೂ ಇಲ್ಲವಾ? ಹಾಗಿದ್ದರೆ ಅದು ಇನ್ನೂ ಅಪಾಯ. ಅಂಥವುಗಳಲ್ಲಿ ಪಾದರಸ ಇರಬಹುದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮ್ ಹಚ್ಚಿದವರ ಕಿಡ್ನಿಗೇ ಪೆಟ್ಟು ಬಿದ್ದಿದ್ದು ಬೆಳಕಿಗೆ ಬಂತು. ಆ ಡಬ್ಬಿಯ ಕ್ರೀಮನ್ನು ಮತ್ತೆ ಹಚ್ಚಬೇಡಿ. ಮೂತ್ರದಲ್ಲಿ ನೊರೆ ಬರುತ್ತಿದ್ದರೆ, ಕಾಲು ಊದಿಕೊಂಡಿದ್ದರೆ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.

ಸ್ಟೀರಾಯ್ಡ್ ಕ್ರೀಮನ್ನು ಮಾತ್ರ ಇದನ್ನು ಓದಿ ಇವತ್ತೇ ಎಸೆದುಬಿಡಬೇಡಿ. ಎಂಟು ತಿಂಗಳು ಹಚ್ಚಿದ್ದನ್ನು ಹೇಗೆ ಬಿಡಿಸಬೇಕು, ಮಧ್ಯೆ ಏನು ಹಚ್ಚಬೇಕು ಅನ್ನುವುದನ್ನು ಚರ್ಮದ ಡಾಕ್ಟರೇ ಹೇಳಬೇಕು. ಜಿಲ್ಲಾಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋದರೂ ಸಾಕು. ಟ್ಯೂಬ್ ಜೊತೆಗಿರಲಿ. ಮುಖ ಸುಧಾರಿಸಲು ತಿಂಗಳುಗಳೇ ಬೇಕಾಗಬಹುದು.

ಆ ತಿಂಗಳುಗಳಲ್ಲಿ ನೀವು ಎದುರಿಸಬೇಕಾದ ಮಾತು ಬೇರೆ. ‘ಯಾಕೆ ಮತ್ತೆ ಕಪ್ಪಾದೆ? ಹುಷಾರಿಲ್ವಾ?’ ಈಗ ಕೇಳುತ್ತಿರುವ ಮಾತಿಗಿಂತ ಅದು ಕಷ್ಟ. ಅದಕ್ಕೆ ಉತ್ತರ ಈಗಲೇ ಸಿದ್ಧ ಮಾಡಿಕೊಳ್ಳಿ. ‘ಹಚ್ತಿದ್ದ ಕ್ರೀಮಿಂದ ಚರ್ಮ ಕೆಟ್ಟಿತ್ತು, ಈಗ ವಾಸಿ ಆಗ್ತಾ ಇದೆ’ ಅನ್ನಿ. ತಲೆ ತಗ್ಗಿಸಿ ಹೇಳಬೇಡಿ. ಮನೆಯಲ್ಲಿ ಒಬ್ಬರಿಗಾದರೂ, ಅಮ್ಮನಿಗೋ ಗಂಡನಿಗೋ, ಎಲ್ಲ ವಿವರವಾಗಿ ಹೇಳಿಟ್ಟಿರಿ. ಫಂಕ್ಷನ್‌ನಲ್ಲಿ ಯಾರಾದರೂ ಶುರು ಮಾಡಿದರೆ ಅವರೇ ಮಾತು ತೆಗೆದುಕೊಳ್ಳಲಿ. ಗಂಡಿನ ಕಡೆಯವರು ಬರುವುದಿದೆ ಅಂತ ಮತ್ತೆ ಒಂದು ವಾರ ಹಚ್ಚಬೇಡಿ. ಬಿಟ್ಟು ಗಳಿಸಿದ್ದೆಲ್ಲ ಆ ವಾರದಲ್ಲಿ ಹೋಗುತ್ತದೆ.

ನೀವು ಕೇಳಿಲ್ಲ, ಆದರೂ ಇನ್ನೊಂದು ಮಾತು ಹೇಳಲೇಬೇಕು. ಬಣ್ಣದ ಹುಚ್ಚು ಹೊಟ್ಟೆಯಲ್ಲಿರುವ ಮಗುವನ್ನೂ ಬಿಡುವುದಿಲ್ಲ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಅಂತಾರೆ. ಹುಟ್ಟುವುದಿಲ್ಲ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುತ್ತದೆ. ಕುಡಿಯುವ ಆಸೆ ಇದ್ದರೆ ನಾಲ್ಕು ಎಸಳು ಹಾಕಿಕೊಂಡು ಕುಡಿಯಲಿ. ನನ್ನ ಸಿಟ್ಟು ಇದರ ಜೋಡಿ ಮಾತಿನ ಮೇಲೆ: ‘ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತೆ.’ ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟ ಕೆಂಪು ಮಾತ್ರೆಯನ್ನು ಈ ಒಂದು ಮಾತಿಗೆ ಹೆದರಿ ಡಬ್ಬಿಯಲ್ಲೇ ಇಟ್ಟುಕೊಂಡ ಬಸುರಿಯರನ್ನು ನೋಡಿದ್ದೇನೆ. ಮಾತ್ರೆ ತಿಂದಾಗ ಮಲ ಕಪ್ಪಾಗುವುದು ನಿಜ. ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಹಾಗಾಗುತ್ತದೆ. ಮಗುವಿನ ಚರ್ಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ರಕ್ತ ಕಡಿಮೆ ಇರುವ ತಾಯಿಗೆ ಹೆರಿಗೆಯಲ್ಲಿ ಜೀವಕ್ಕೇ ಅಪಾಯ. ಅದಕ್ಕೇ ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ, ಹೆರಿಗೆಯಾದ ಮೇಲೆ ಮತ್ತೆ 180 ದಿನ.

ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಇವತ್ತು ಆ ಮಾತ್ರೆಯ ಡಬ್ಬಿ ತೆರೆದು ಎಣಿಸಿ ನೋಡಿ. ಉಳಿದಿದ್ದರೆ ದಿನಕ್ಕೆ ಒಂದರಂತೆ, ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ನಿಂಬೆಹಣ್ಣಿನ ಪಾನಕದ ಜೊತೆ ಕೊಡಿ. ಕಾಫಿ, ಟೀ, ಹಾಲಿನ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅದನ್ನು ಬೇರೆ ಹೊತ್ತಿಗೆ ಕೊಡಿ.