ಉತ್ತರ ಗೊತ್ತು, ಆದ್ರೂ ತಪ್ಪು ಅಂತಾರೆ

ಜನರಿಗೆ ವಿಜ್ಞಾನ ಎಷ್ಟು ಗೊತ್ತು ಅಂತ ಅಳೆಯೋಕೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಬಹಳ ವರ್ಷಗಳಿಂದ ಒಂದಿಷ್ಟು ಸುಲಭದ ಪ್ರಶ್ನೆಗಳನ್ನು ಕೇಳಿಸುತ್ತಾ ಬಂದಿದೆ. ಎಲೆಕ್ಟ್ರಾನ್ ಪರಮಾಣುವಿಗಿಂತ ಚಿಕ್ಕದು, ಭೂಮಿಯ ಒಡಲು ತುಂಬಾ ಬಿಸಿ, ಇಂಥ ಮಾತುಗಳು. ಸರಿ ಅಥವಾ ತಪ್ಪು ಅನ್ನಬೇಕು, ಅಷ್ಟೇ. ಅದರಲ್ಲಿ ಒಂದು: ಇಂದಿನ ಮನುಷ್ಯರು ಹಿಂದಿನ ಪ್ರಾಣಿಗಳಿಂದ ವಿಕಾಸವಾಗಿ ಬಂದವರು. 2012ರಲ್ಲಿ ಇದಕ್ಕೆ ‘ಸರಿ’ ಅಂದವರು ಶೇ. 48 ಮಂದಿ.

ಅದೇ ಸಲ ಬೇರೆ ಒಂದಷ್ಟು ಜನರಿಗೆ ಇದೇ ಪ್ರಶ್ನೆಯನ್ನು ಚೂರು ಬದಲಿಸಿ ಕೇಳಿದರು. ಮೊದಲಿಗೆ ‘ವಿಕಾಸವಾದದ ಪ್ರಕಾರ’ ಅಂತ ಸೇರಿಸಿದರು. ಬೇರೇನೂ ಇಲ್ಲ. ‘ಸರಿ’ ಅಂದವರು ಶೇ. 72ಕ್ಕೆ ಏರಿದರು.

ಅಂದರೆ ನೂರರಲ್ಲಿ ಸುಮಾರು 24 ಜನರಿಗೆ ವಿಜ್ಞಾನ ಏನು ಹೇಳುತ್ತೆ ಅಂತ ಚೆನ್ನಾಗಿ ಗೊತ್ತು. ಒಪ್ಪೋಕೆ ಮಾತ್ರ ಸಿದ್ಧರಿಲ್ಲ. ಇವರಿಗೆ ಇನ್ನೊಂದು ಪಳೆಯುಳಿಕೆ ತೋರಿಸಿ ಏನು ಪ್ರಯೋಜನ?

ಗ್ಯಾಲಪ್ ಸಂಸ್ಥೆ 1982ರಿಂದ ಬೇರೊಂದು ಪ್ರಶ್ನೆ ಕೇಳುತ್ತಿದೆ. ದೇವರು ಮನುಷ್ಯನನ್ನು ಈಗಿರುವ ರೂಪದಲ್ಲೇ ಕಳೆದ 10,000 ವರ್ಷಗಳ ಒಳಗೆ ಸೃಷ್ಟಿಸಿದನು ಅನ್ನುವವರು ಆಗ ಶೇ. 44 ಇದ್ದರು. 2024ರಲ್ಲಿ ಶೇ. 37. ಈ ನಡುವೆ ಮನುಷ್ಯನ ಜೀನೋಮ್, ಅಂದರೆ ಅವನ ಇಡೀ ಡಿಎನ್‌ಎ, ಪೂರ್ತಿ ಓದಿ ಮುಗಿಸಿದರು, ಚಿಂಪಾಂಜಿಯದ್ದನ್ನೂ ಓದಿದರು. ಇಷ್ಟೆಲ್ಲ ಆದ ಮೇಲೆ ಇಳಿದದ್ದು ಏಳು ಅಂಕ.

ಪುರಾವೆಗೂ ನಂಬಿಕೆಗೂ ನೇರವಾಗಿ ಕುಸ್ತಿ ನಡೆದ ಒಂದು ಜಾಗ ಪೆನ್ಸಿಲ್ವೇನಿಯಾದ ಡೋವರ್ ಎಂಬ ಸಣ್ಣ ಊರು. 2004ರ ಅಕ್ಟೋಬರ್‌ನಲ್ಲಿ ಅಲ್ಲಿನ ಶಾಲಾ ಮಂಡಳಿ 6–3 ಮತಗಳಿಂದ ಒಂದು ತೀರ್ಮಾನ ಮಾಡಿತು. ಒಂಬತ್ತನೇ ಕ್ಲಾಸಿನ ಜೀವಶಾಸ್ತ್ರದಲ್ಲಿ ಡಾರ್ವಿನ್ ಪಾಠಕ್ಕೆ ಮುಂಚೆ ಮಕ್ಕಳಿಗೆ ಒಂದು ಹೇಳಿಕೆ ಓದಿ ಹೇಳಬೇಕು. ಡಾರ್ವಿನ್ನನ ಸಿದ್ಧಾಂತ ಸತ್ಯಾಂಶವಲ್ಲ, ಅದರಲ್ಲಿ ಪುರಾವೆ ಇಲ್ಲದ ಖಾಲಿ ಜಾಗಗಳಿವೆ, ‘ಇಂಟೆಲಿಜೆಂಟ್ ಡಿಸೈನ್’ (ಜೀವಿಗಳನ್ನು ಯಾವುದೋ ಬುದ್ಧಿಶಕ್ತಿ ಯೋಜಿಸಿ ರೂಪಿಸಿದೆ ಅನ್ನುವ ವಾದ) ಅಂತ ಇನ್ನೊಂದು ವಿವರಣೆ ಇದೆ, ಬೇಕಾದವರು ‘ಆಫ್ ಪಾಂಡಾಸ್ ಅಂಡ್ ಪೀಪಲ್’ ಪುಸ್ತಕ ನೋಡಿ, ಅಂತ. ವಿಜ್ಞಾನದ ಮೇಷ್ಟ್ರುಗಳು ಓದಲ್ಲ ಅಂದರು. 2005ರ ಜನವರಿಯಲ್ಲಿ ಆಡಳಿತದವರೇ ಕ್ಲಾಸಿಗೆ ಬಂದು ಓದಿ ಹೋದರು.

ಇದು ಸರ್ಕಾರಿ ಶಾಲೆಗೆ ಧರ್ಮವನ್ನು ತರುವ ದಾರಿ ಅಂತ ಹನ್ನೊಂದು ಪೋಷಕರು ಕೋರ್ಟಿಗೆ ಹೋದರು. ಮೊದಲ ಹೆಸರು ಟ್ಯಾಮಿ ಕಿಟ್ಜ್‌ಮಿಲ್ಲರ್ ಅವರದ್ದು, ಹಾಗಾಗಿ ಕೇಸು ಇವತ್ತಿಗೂ ಆ ಹೆಸರಿನಿಂದಲೇ ಪ್ರಸಿದ್ಧ. ಹ್ಯಾರಿಸ್‌ಬರ್ಗ್‌ನ ಫೆಡರಲ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ನ್ಯಾಯಾಧೀಶ ಜಾನ್ ಜೋನ್ಸ್ ಸಂಪ್ರದಾಯವಾದಿ ರಿಪಬ್ಲಿಕನ್ ಪಕ್ಷದವರು, ಅಧ್ಯಕ್ಷ ಬುಷ್ ನೇಮಿಸಿದವರು. ಮಂಡಳಿಯ ಕಡೆಯವರಿಗೆ ಒಳಗೊಳಗೇ ಧೈರ್ಯ ಬಂದಿದ್ದರೆ ಆಶ್ಚರ್ಯವಿಲ್ಲ.

ಪೋಷಕರ ಪರ ಮೊದಲು ಸಾಕ್ಷಿ ಹೇಳಿದವರು ಬ್ರೌನ್ ವಿಶ್ವವಿದ್ಯಾಲಯದ ಜೀವಕೋಶ ವಿಜ್ಞಾನಿ ಕೆನೆತ್ ಮಿಲ್ಲರ್. ಅವರು ತೋರಿಸಿದ ಒಂದು ಪುರಾವೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನನ್ನ ಮಟ್ಟಿಗೆ ಪಳೆಯುಳಿಕೆಗಳಿಗಿಂತ ಇದು ಗಟ್ಟಿ.

ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಈ ಮೂರಕ್ಕೂ 24 ಜೋಡಿ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳು, ಇವೆ. ನಮಗೆ 23. ನಾವೆಲ್ಲ ಒಂದೇ ಪೂರ್ವಜನಿಂದ ಬಂದವರಾದರೆ ಆ ಒಂದು ಜೋಡಿ ಎಲ್ಲಿ ಹೋಯಿತು? ಸುಮ್ನೆ ಕಳೆದುಹೋಗೋಕೆ ಸಾಧ್ಯವಿಲ್ಲ. ಅದರಲ್ಲಿರೋ ನೂರಾರು ಜೀನ್‌ಗಳಿಲ್ಲದೆ ಪ್ರಾಣಿ ಬದುಕಲ್ಲ. ಹಾಗಾಗಿ ಉಳಿಯುವುದು ಒಂದೇ ದಾರಿ: ಎರಡು ಕ್ರೋಮೋಸೋಮ್‌ಗಳು ಕೂಡಿಕೊಂಡು ಒಂದಾಗಿರಬೇಕು. ಹಾಗೆ ಆಗಿದ್ದರೆ ಗುರುತು ಉಳಿದಿರಲೇಬೇಕು. ಉಳಿದಿಲ್ಲ ಅಂದರೆ ವಿಕಾಸವಾದಕ್ಕೆ ನಿಜವಾದ ಪೆಟ್ಟು.

ಪ್ರತಿ ಕ್ರೋಮೋಸೋಮಿನ ಎರಡೂ ತುದಿಗಳಲ್ಲಿ ಟೆಲೊಮಿಯರ್ ಅನ್ನುವ ಭಾಗ ಇರುತ್ತದೆ. ಅದರಲ್ಲಿ ಟಿಟಿಎಜಿಜಿಜಿ ಅನ್ನೋ ಡಿಎನ್‌ಎಯ ಆರು ಅಕ್ಷರ ಸಾವಿರಾರು ಸಲ ಒಂದರ ಹಿಂದೆ ಒಂದು ಬರುತ್ತದೆ. ಅದರ ಜಾಗ ತುದಿ. ಎರಡು ಪಂಚೆಗಳ ತುದಿಗೆ ತುದಿ ಸೇರಿಸಿ ಹೊಲಿದರೆ ತುದಿಯಲ್ಲಿರಬೇಕಾದ ಅಂಚು ನಡುವೆ ಬಂದು ಕೂರುತ್ತದಲ್ಲ, ಹಾಗೆ ನಮ್ಮ ಯಾವುದೋ ಕ್ರೋಮೋಸೋಮಿನ ಮಧ್ಯದಲ್ಲಿ ಟೆಲೊಮಿಯರ್ ಸಿಗಬೇಕು. 1991ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಅದು ನಮ್ಮ ಎರಡನೇ ಕ್ರೋಮೋಸೋಮಿನಲ್ಲಿ ಸಿಕ್ಕಿತು. ಟಿಟಿಎಜಿಜಿಜಿ ಅಂತ ಸಾಗುವ ಸಾಲು ಒಂದು ಕಡೆ ಇದ್ದಕ್ಕಿದ್ದಂತೆ ತಿರುಗಿ ಸಿಸಿಸಿಟಿಎಎ ಆಗುತ್ತದೆ. ಎರಡು ತುದಿಗಳು ಮುಖಾಮುಖಿಯಾಗಿ ಅಂಟಿಕೊಂಡರೆ ಹೇಗೆ ಕಾಣಬೇಕೋ ಹಾಗೇ. ಕಾಲ ಕಳೆದಂತೆ ಅಕ್ಷರಗಳು ಅಲ್ಲಲ್ಲಿ ಸವೆದಿವೆ, ಆದರೆ ಓದೋಕೆ ಬರುತ್ತೆ. ಇನ್ನೂ ಒಂದಿದೆ. ಒಂದು ಕ್ರೋಮೋಸೋಮಿಗೆ ಒಂದು ಸೆಂಟ್ರೊಮಿಯರ್, ಅಂದರೆ ಜೀವಕೋಶ ಎರಡಾಗುವಾಗ ಅದನ್ನು ಹಿಡಿದೆಳೆಯುವ ಜಾಗ, ಇರಬೇಕು. ಇದರಲ್ಲಿ ಕೆಲಸ ಮಾಡುವ ಒಂದರ ಜತೆಗೆ, ಕೆಲಸ ನಿಲ್ಲಿಸಿದ ಇನ್ನೊಂದರ ಅವಶೇಷವೂ ಇದೆ. ಚಿಂಪಾಂಜಿಯ ಎರಡು ಬೇರೆ ಬೇರೆ ಕ್ರೋಮೋಸೋಮ್‌ಗಳನ್ನು ಪಕ್ಕದಲ್ಲಿಟ್ಟರೆ ನಮ್ಮ ಎರಡನೆಯದಕ್ಕೆ ಉದ್ದಕ್ಕೂ ಹೊಂದುತ್ತವೆ.

ಇದನ್ನು ಕೋರ್ಟಿನಲ್ಲಿ ವಿವರಿಸಿದ ಮಿಲ್ಲರ್ ಕ್ಯಾಥೊಲಿಕ್. ದೇವರನ್ನು ನಂಬುವವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಈ ಮಾತಿಗೆ ಆಮೇಲೆ ಬರುತ್ತೇನೆ.

ಮಂಡಳಿಯ ಪರ ಮುಖ್ಯ ಸಾಕ್ಷಿ ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕಲ್ ಬೀಹಿ. ನಮ್ಮ ರೋಗನಿರೋಧಕ ವ್ಯವಸ್ಥೆ ವಿಕಾಸದಿಂದ ಹೇಗೆ ಬಂತು ಅನ್ನೋದಕ್ಕೆ ವೈಜ್ಞಾನಿಕ ಬರಹಗಳಲ್ಲಿ ಉತ್ತರವೇ ಇಲ್ಲ ಅಂತ ಅವರು ಮೊದಲೇ ಬರೆದಿದ್ದರು. ಎದುರು ವಕೀಲರು ಆ ವಿಷಯದ ಮೇಲೆ ಬಂದ 58 ಸಂಶೋಧನಾ ಪ್ರಬಂಧ, ಒಂಬತ್ತು ಪುಸ್ತಕ, ಪಠ್ಯಗಳ ಅಧ್ಯಾಯಗಳನ್ನು ಅವರ ಮುಂದಿಟ್ಟರು. ಬೀಹಿಗೆ ಅದೂ ಸಾಲಲಿಲ್ಲ. ವಿಜ್ಞಾನದ ಸಿದ್ಧಾಂತಕ್ಕೆ ಅವರು ಕೊಟ್ಟ ವ್ಯಾಖ್ಯೆ ಎಷ್ಟು ಸಡಿಲವಾಗಿತ್ತು ಅಂದರೆ, ಅದರ ಪ್ರಕಾರ ಜ್ಯೋತಿಷ್ಯವೂ ಸಿದ್ಧಾಂತ ಆಗುತ್ತೆ ಅಂತ ಅವರೇ ಒಪ್ಪಬೇಕಾಯಿತು. ನಮ್ಮ ಬೆಳಗಿನ ಟಿವಿಯವರು ಕೇಳಿಸಿಕೊಂಡಿದ್ದರೆ ಕುಣಿದಾಡುತ್ತಿದ್ದರು. ತಮಾಷೆ ಏನಂದರೆ, ಮನುಷ್ಯನಿಗೂ ಚಿಂಪಾಂಜಿಗೂ ಪೂರ್ವಜ ಒಬ್ಬನೇ ಅನ್ನೋದನ್ನು ಸ್ವತಃ ಬೀಹಿ ಒಪ್ಪುತ್ತಾರೆ!

ಆದರೆ ಮಂಡಳಿಯನ್ನು ಮುಳುಗಿಸಿದ್ದು ಜೀವಶಾಸ್ತ್ರ ಅಲ್ಲ, ಒಂದು ಕರಡು ಪ್ರತಿ. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸೃಷ್ಟಿವಾದವನ್ನು ಸರ್ಕಾರಿ ಶಾಲೆಗಳಲ್ಲಿ ವಿಜ್ಞಾನ ಅಂತ ಕಲಿಸುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತ್ತು. ಪಾಂಡಾಸ್ ಪುಸ್ತಕದ ಹಳೆಯ ಕರಡುಗಳನ್ನು ಕೋರ್ಟಿಗೆ ತರಿಸಿಕೊಂಡಾಗ, ಲೂಸಿಯಾನಾದ ತತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್ ಕೂತು ಹೋಲಿಸಿ ನೋಡಿದರು. ತೀರ್ಪಿಗೆ ಮುಂಚಿನ ಕರಡಿನಲ್ಲಿ ‘ಸೃಷ್ಟಿ’ ಇದ್ದ ಕಡೆಯೆಲ್ಲ ತೀರ್ಪಿನ ನಂತರ ‘ಇಂಟೆಲಿಜೆಂಟ್ ಡಿಸೈನ್’ ಬಂದು ಕೂತಿದೆ. ವಾಕ್ಯ ಅದೇ, ವಾದ ಅದೇ. ಒಂದು ಕಡೆ ‘ಕ್ರಿಯೇಷನಿಸ್ಟ್ಸ್’ ತೆಗೆದು ‘ಡಿಸೈನ್ ಪ್ರೊಪೊನೆಂಟ್ಸ್’ ಹಾಕುವಾಗ ಅವಸರದಲ್ಲಿ ಹಳೆಯದರ ತಲೆಬಾಲ ಉಳಿದು ‘ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್’ ಆಗಿಬಿಟ್ಟಿತ್ತು.

2005ರ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ಬಂತು. ಇಂಟೆಲಿಜೆಂಟ್ ಡಿಸೈನ್ ವಿಜ್ಞಾನ ಅಲ್ಲ, ವೇಷ ಬದಲಿಸಿದ ಸೃಷ್ಟಿವಾದ ಅಂತ ಜೋನ್ಸ್ ಬರೆದರು. ಅವರಿಗೆ ಕೊಲೆ ಬೆದರಿಕೆ ಬಂದು ರಕ್ಷಣೆ ಕೊಡಬೇಕಾಯಿತು. ಅಷ್ಟರಲ್ಲಿ ಶಾಲಾ ಮಂಡಳಿಗೆ ಚುನಾವಣೆಯೂ ಆಗಿಹೋಗಿತ್ತು. ಮತ್ತೆ ನಿಂತಿದ್ದ ಎಂಟೂ ಹಳೆಯ ಸದಸ್ಯರು ಸೋತಿದ್ದರು. ಪೋಷಕರ ವಕೀಲರಿಗೆ ಸುಮಾರು 10 ಲಕ್ಷ ಡಾಲರ್ ಶುಲ್ಕ ಕೊಡುವ ಹೊಣೆ ಶಾಲೆಯ ಮೇಲೆ ಬಿತ್ತು.

ಕೋರ್ಟಿನಲ್ಲಿ ಗೆಲುವು ಇಷ್ಟು ಸ್ಪಷ್ಟ. ಹಾಗಾದರೆ ಜನರ ಮನಸ್ಸಿನಲ್ಲಿ ಯಾಕೆ ಆಗಲಿಲ್ಲ?

ನಂಬುವವರು ದಡ್ಡರು ಅಂದುಬಿಡೋದು ಸುಲಭ. ನನಗೆ ಹಾಗನ್ನಿಸೋದಿಲ್ಲ. ಇಂಥ ಊರಿನಲ್ಲಿರುವ ಒಬ್ಬ ಮನುಷ್ಯನ ಲೆಕ್ಕ ನೋಡಿ. ಡಾರ್ವಿನ್ನನ್ನು ಒಪ್ಪದಿದ್ದರೆ ಅವನಿಗೆ ಏನೂ ನಷ್ಟವಿಲ್ಲ. ಅವನ ಕಾರು ನಿಲ್ಲಲ್ಲ, ಔಷಧಿ ಕೆಲಸ ಮಾಡದೆ ಇರಲ್ಲ. ಒಪ್ಪಿದರೆ? ಭಾನುವಾರದ ಚರ್ಚು, ಹೆಂಡತಿಯ ತವರು, ಕಷ್ಟಕ್ಕೆ ಊಟ ತಂದುಕೊಡುವ ನೆರೆಯವರು, ಇಷ್ಟೂ ಜನರ ಎದುರು ಅವನು ಪರಕೀಯ. ಜತೆಗೆ ಒಂದು ಭಯ: ನಾವೂ ಪ್ರಾಣಿಗಳೇ ಆದರೆ ಒಳ್ಳೇದು ಕೆಟ್ಟದ್ದಕ್ಕೆ ಬುಡ ಎಲ್ಲಿ? ಆ ಪ್ರಶ್ನೆಗೆ ಟೆಲೊಮಿಯರ್ ಉತ್ತರ ಕೊಡಲ್ಲ. ಸಮೀಕ್ಷೆಯವರು ಫೋನ್ ಮಾಡಿ ಮನುಷ್ಯ ಪ್ರಾಣಿಗಳಿಂದ ಬಂದನಾ ಅಂದಾಗ ಅವನ ಕಿವಿಗೆ ಬೀಳುವುದೇ ಬೇರೆ: ನೀನು ಯಾರ ಕಡೆ?

ಇದು ಬರೀ ನನ್ನ ಊಹೆಯಲ್ಲ. ಪ್ಯೂ ಸಂಶೋಧನಾ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಒಂದು ಗುಂಪಿಗೆ ಮೊದಲು ‘ಮನುಷ್ಯ ವಿಕಾಸವಾದನಾ, ಇಲ್ಲವಾ’ ಅಂತ ಮಾತ್ರ ಕೇಳಿ, ದೇವರ ವಿಷಯ ಆಮೇಲೆ ತೆಗೆದರು. ಶೇ. 31 ಮಂದಿ ‘ಮನುಷ್ಯ ಮೊದಲಿನಿಂದ ಹೀಗೇ ಇದ್ದಾನೆ’ ಅಂದರು. ಇನ್ನೊಂದು ಗುಂಪಿಗೆ ‘ದೇವರ ಕೈ ಇದ್ದು ವಿಕಾಸವಾದ’ ಅನ್ನೋ ಆಯ್ಕೆಯನ್ನು ಮೊದಲೇ ಮುಂದಿಟ್ಟರು. ಹಾಗೇ ಇದ್ದಾನೆ ಅಂದವರು ಶೇ. 18ಕ್ಕೆ ಇಳಿದರು. ಬೈಬಲ್ಲಿನ ಮಾತನ್ನು ಕಟ್ಟುನಿಟ್ಟಾಗಿ ನಂಬುವ ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಂತೂ ಶೇ. 66 ಇದ್ದದ್ದು ಶೇ. 38 ಆಯಿತು. ಹೊಸ ಪುರಾವೆ ಒಂದೂ ಕೊಟ್ಟಿರಲಿಲ್ಲ. ದೇವರನ್ನು ಬಿಡಬೇಕಾಗಿಲ್ಲ ಅಂತ ಗೊತ್ತಾದದ್ದೇ ಸಾಕಾಯಿತು. ಅದಕ್ಕೇ ಮಿಲ್ಲರ್ ಥರದ ನಂಬುವ ವಿಜ್ಞಾನಿಯ ಮಾತಿಗೆ ಅಲ್ಲಿ ಕಿವಿ ಸಿಗುತ್ತೆ. ‘ದೇವರೇ ಇಲ್ಲ’ ಅಂತ ಶುರು ಮಾಡುವವರ ಮಾತು, ಪುರಾವೆ ಎಷ್ಟೇ ಗಟ್ಟಿಯಿದ್ದರೂ, ಬಾಗಿಲಲ್ಲೇ ನಿಲ್ಲುತ್ತೆ.

ನಮ್ಮಲ್ಲಿ ಈ ಥರದ ಜಗಳ ಕಡಿಮೆ. ಮತ್ಸ್ಯ, ಕೂರ್ಮ, ವರಾಹ ಅಂತ ದಶಾವತಾರದ ಸಾಲು ತೋರಿಸಿ, ಡಾರ್ವಿನ್ ಹೇಳಿದ್ದು ನಮಗೆ ಮೊದಲೇ ಗೊತ್ತಿತ್ತು ಅಂದುಬಿಟ್ಟರೆ ಮುಗೀತು. ಮನಸ್ಸಿಗೆ ಹಿತ, ಆದರೆ ವಿಕಾಸ ಅಂದರೆ ಮೀನಿನಿಂದ ಮನುಷ್ಯನಿಗೆ ಹತ್ತುವ ಏಣಿ ಅಲ್ಲ. ಇವತ್ತಿನ ಮೀನು ಕೂಡ ನಮ್ಮಷ್ಟೇ ಕಾಲ ವಿಕಾಸವಾಗಿದೆ. 2018ರಲ್ಲಿ ಕೇಂದ್ರದ ಸಚಿವ ಸತ್ಯಪಾಲ್ ಸಿಂಗ್, ಕೋತಿ ಮನುಷ್ಯ ಆಗಿದ್ದನ್ನು ನಮ್ಮ ಪೂರ್ವಜರು ಯಾರೂ ನೋಡಿಲ್ಲ, ಡಾರ್ವಿನ್ ತಪ್ಪು ಅಂದಾಗ, ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಖಂಡಿಸಿದವು. ಆದರೆ 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠ ಹೋದಾಗ ಕಾರಣ ಧರ್ಮ ಅಂತ ಯಾರೂ ಹೇಳಲಿಲ್ಲ. ಮಕ್ಕಳ ಹೊರೆ ಇಳಿಸೋಕೆ ಅಂದರು. 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ಹನ್ನೆರಡನೇ ಕ್ಲಾಸಿನಲ್ಲಿ ಪಾಠ ಇದ್ದೇ ಇದೆ ಅನ್ನೋ ಸಮಜಾಯಿಷಿ ಬಂತು. ಇದೆ, ಜೀವಶಾಸ್ತ್ರ ತಗೊಂಡವರಿಗೆ. ಹತ್ತು ಮುಗಿಸಿ ಕಾಮರ್ಸ್‌ಗೋ ಆರ್ಟ್ಸ್‌ಗೋ ಹೋಗುವ ಹುಡುಗ ಹುಡುಗಿಯರು ಡಾರ್ವಿನ್ನನ್ನು ಒಪ್ಪೋದೂ ಇಲ್ಲ, ಬಿಡೋದೂ ಇಲ್ಲ. ಅವರಿಗೆ ಆ ಪ್ರಶ್ನೆಯನ್ನು ಯಾರೂ ಕೇಳಿಯೇ ಇರುವುದಿಲ್ಲ.