ಕರೆಂಟ್ ಬಂದ ಮೇಲೆ ರೂಟರ್ ಯಾಕೆ ಏಳಲಿಲ್ಲ?

ಮೇ ತಿಂಗಳ ಒಂದು ಸಂಜೆ. ಬೆಂಗಳೂರಿನ ಹನುಮಂತನಗರದಲ್ಲಿ ಜೋರು ಮಳೆ, ಗುಡುಗು. ಆರು ಗಂಟೆಗೆ ಹೋದ ಕರೆಂಟ್ ಒಂಬತ್ತಕ್ಕೆ ಬಂತು. ಫ್ಯಾನ್ ತಿರುಗಿತು, ಫ್ರಿಜ್ ಗುರ್ ಅಂದಿತು. ರೂಟರ್ ಮಾತ್ರ ಏಳಲಿಲ್ಲ. ದೀಪಗಳು ಒಂದು ಸಲ ಹತ್ತುತ್ತಿದ್ದವು, ಎರಡು ಸೆಕೆಂಡಿಗೆ ಆರುತ್ತಿದ್ದವು, ಮತ್ತೆ ಹತ್ತುತ್ತಿದ್ದವು. ನಾಲ್ಕು ವರ್ಷದ ಹಿಂದೆ 1,100 ರೂಪಾಯಿಗೆ ತಂದಿದ್ದ ಪೆಟ್ಟಿಗೆ ಅದು. ಅಕ್ಕಪಕ್ಕದವರೆಲ್ಲ ಹೇಳಿದ್ದು ಒಂದೇ ಮಾತು: "ಕರೆಂಟ್ ಬರುವಾಗ ವೋಲ್ಟೇಜ್ ಜಾಸ್ತಿ ಬಂದಿರುತ್ತೆ, ಸುಟ್ಟುಹೋಗಿದೆ."

ನಾನೂ ಹಾಗೇ ಅಂದುಕೊಂಡೆ. ಮರುದಿನ ಹೊಸ ರೂಟರ್ ತಂದೆ. ಹಳೇ ಅಡಾಪ್ಟರ್‌ನ ವೈರನ್ನು ಟಿವಿ ಸ್ಟ್ಯಾಂಡಿನ ಹಿಂದಿನ ತೂತಿನಲ್ಲಿ ತೂರಿಸಿ ಬಿಗಿದಿದ್ದೆವು. ಹಳೇದು, ಹೊಸದು ಎರಡು ರೂಟರೂ 9 ವೋಲ್ಟಿನವು, ಪಿನ್ನೂ ಒಂದೇ ಅಳತೆ. ಅದನ್ನು ಬಿಚ್ಚುವ ರಗಳೆ ಯಾಕೆ ಅಂತ ಹೊಸ ರೂಟರನ್ನು ಹಳೇ ಅಡಾಪ್ಟರ್‌ಗೇ ಸಿಕ್ಕಿಸಿದೆ. ಹೊಸದೂ ಅದೇ ರೀತಿ ಕಣ್ಣು ಮಿಟುಕಿಸತೊಡಗಿತು.

ಎರಡು ರೂಟರ್‌ಗಳಿಗೆ ಒಂದೇ ಕಾಯಿಲೆ ಬಂದರೆ ಕಾಯಿಲೆ ರೂಟರಿನದ್ದಲ್ಲ, ಅಲ್ವಾ?

ಅಡಾಪ್ಟರನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ತೆಗೆದುಕೊಂಡು ಹೋದೆ. ಅಂಗಡಿಯವರು ಮೊದಲು ಸುಮ್ನೆ ಮೀಟರ್ ಹಿಡಿದು ನೋಡಿದರು. 9 ವೋಲ್ಟ್‌ಗಿಂತ ಚೂರು ಜಾಸ್ತಿಯೇ ತೋರಿಸಿತು. ನನಗೆ ಆಶ್ಚರ್ಯ. ಆಮೇಲೆ ಅವರು ಅದರ ತುದಿಗೆ ಒಂದು ದಪ್ಪ ರೆಸಿಸ್ಟರ್ ಸೇರಿಸಿ, ಅಂದರೆ ಕೆಲಸದ ಭಾರ ಹೊರಿಸಿ, ಮತ್ತೆ ಅಳೆದರು. ವೋಲ್ಟೇಜ್ 5ಕ್ಕೆ ಕುಸಿಯಿತು. "ಲೋಡ್ ಹಾಕದೆ ನೋಡಿದ್ರೆ ಎಲ್ಲ ಅಡಾಪ್ಟರೂ ಚೆನ್ನಾಗೇ ಇರುತ್ತೆ ಸಾರ್" ಅಂದರು. ಹೊಸ ಅಡಾಪ್ಟರ್‌ಗೆ 150 ರೂಪಾಯಿ ಕೊಟ್ಟೆ.

ಹಳೆಯದನ್ನು ಮನೆಗೆ ತಂದು ಬಿಚ್ಚಿದೆ. ಗೋಡೆಯಿಂದ ಕಿತ್ತು ಒಂದು ದಿನ ಕಳೆದ ಮೇಲೆ ಬಿಚ್ಚಿದ್ದು. ಒಳಗೆ ವಿದ್ಯುತ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಭಾಗ 230 ವೋಲ್ಟಿನ ಲೈನಿಗೆ ಸೇರಿರುತ್ತದೆ, ತಕ್ಷಣ ಮುಟ್ಟಿದರೆ ಹೊಡೆಯುತ್ತದೆ. ಮಕ್ಕಳ ಕೈಗೆ ಇದನ್ನು ಕೊಡಲೇಬಾರದು. ಒಳಗೆ ಸಣ್ಣ ಡಬ್ಬಿಗಳ ಹಾಗೆ ನಿಂತಿರುವ ಕೆಪಾಸಿಟರ್‌ಗಳಲ್ಲಿ ಒಂದರ ತಲೆ ಪೂರಿಯ ಹಾಗೆ ಉಬ್ಬಿತ್ತು.

ಈ ಡಬ್ಬಿಯ ಕೆಲಸವನ್ನು ಬೆಂಗಳೂರಿನವರಿಗೆ ವಿವರಿಸುವುದು ಸುಲಭ. ಎಷ್ಟೋ ಬಡಾವಣೆಗಳಲ್ಲಿ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಕೆಲವು ಗಂಟೆ. ಆದರೂ ನಲ್ಲಿ ತಿರುಗಿಸಿದಾಗ ನೀರು ಬರುತ್ತದೆ. ಕಾರಣ ಸಂಪು ಮತ್ತು ಮಾಳಿಗೆ ಮೇಲಿನ ಟ್ಯಾಂಕ್. ಕರೆಂಟೂ ಹಾಗೆಯೇ. ನಮ್ಮ ಸಾಕೆಟ್ಟಿನ ವಿದ್ಯುತ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದೆ. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಅಲೆಗಳಾಗಿ ಬರುತ್ತದೆ. ರೂಟರಿನ ಚಿಪ್‌ಗೆ ಅಲೆ ಆಗುವುದಿಲ್ಲ, ಸಮನಾದ ಹರಿವು ಬೇಕು. ಅಲೆ ಬಂದಾಗ ತುಂಬಿಕೊಂಡು, ಅಲೆ ಇಳಿದಾಗ ಕೊಡುವ ಟ್ಯಾಂಕೇ ಕೆಪಾಸಿಟರ್. ಅಡಾಪ್ಟರ್‌ನಲ್ಲಿ ಒಳಬರುವ ಕಡೆ ಒಂದು, ಹೊರಹೋಗುವ ಕಡೆ ಇನ್ನೊಂದು ಇರುತ್ತದೆ.

ಡಬ್ಬಿಯ ಒಳಗೆ ಅಲ್ಯೂಮಿನಿಯಂ ಹಾಳೆಯನ್ನೂ ಕಾಗದವನ್ನೂ ಸುತ್ತಿ, ಒಂದು ದ್ರವದಲ್ಲಿ ನೆನೆಸಿ ಇಟ್ಟಿರುತ್ತಾರೆ. ಬಾಯಿಗೆ ರಬ್ಬರ್ ಬಿರಡೆ. ಆ ರಬ್ಬರಿನ ಮೂಲಕ ದ್ರವ ವರ್ಷಗಟ್ಟಲೆ ನಿಧಾನವಾಗಿ ಆರಿಹೋಗುತ್ತದೆ. ದ್ರವ ಕಡಿಮೆಯಾದಂತೆ ಟ್ಯಾಂಕ್ ಚಿಕ್ಕದಾಗುತ್ತದೆ, ಅದರ ಕೊಳವೆಯೂ ಕಟ್ಟಿಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ ಇದು ಬೇಗ. ಎಲೆಕ್ಟ್ರಾನಿಕ್ಸ್‌ನವರು ಬಳಸುವ ಒಂದು ಅಂದಾಜು ಲೆಕ್ಕವಿದೆ: 10 ಡಿಗ್ರಿ ಏರಿದರೆ ಆಯಸ್ಸು ಅರ್ಧ, 10 ಡಿಗ್ರಿ ಇಳಿದರೆ ದುಪ್ಪಟ್ಟು.

ಲೆಕ್ಕ ಹಾಕಿ ನೋಡೋಣ. 105 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ ಸಾಮಾನ್ಯವಾಗಿ ಸಿಗುವಂಥದ್ದು. ಅಡಾಪ್ಟರ್ ಒಳಗೆ 65 ಡಿಗ್ರಿ ಇದ್ದರೆ ನಾಲ್ಕು ಸಲ ದುಪ್ಪಟ್ಟಾಗಿ 32,000 ಗಂಟೆ. ವರ್ಷಕ್ಕೆ 8,760 ಗಂಟೆ. ಅಂದರೆ 3 ವರ್ಷ 8 ತಿಂಗಳು. ನಮ್ಮ ಅಡಾಪ್ಟರ್ ಹೆಚ್ಚುಕಮ್ಮಿ ಅಷ್ಟೇ ಬಾಳಿತ್ತು! ಒಳಗೆ 75 ಡಿಗ್ರಿ ಆದರೆ ಎರಡು ವರ್ಷವೂ ಇಲ್ಲ. 55ಕ್ಕೆ ಇಳಿಸಿದರೆ ಏಳು ವರ್ಷ ದಾಟುತ್ತದೆ. ಇನ್ನು ಕೆಲವು ರೂಪಾಯಿ ಉಳಿಸಲು 85 ಡಿಗ್ರಿಯ ಕೆಪಾಸಿಟರ್ ಹಾಕಿದ್ದರೆ, ಅದೇ 65 ಡಿಗ್ರಿಯಲ್ಲಿ ಅದರ ಪಾಲಿಗೆ 8,000 ಗಂಟೆ. ಒಂದು ವರ್ಷಕ್ಕೂ ಕಡಿಮೆ. ಮೊಬೈಲ್ ಚಾರ್ಜರ್ ದಿನಕ್ಕೆ ಎರಡು ಮೂರು ಗಂಟೆ ದುಡಿಯುತ್ತದೆ. ರೂಟರಿನದ್ದಕ್ಕೆ ರಜೆಯೇ ಇಲ್ಲ. ಅಗ್ಗದ ರೂಟರಿನ ಅಗ್ಗತನ ಅದರ ಚಿಪ್‌ಗಿಂತ ಜಾಸ್ತಿ ಇರುವುದು ಇಂಥ ಭಾಗಗಳಲ್ಲಿ ಎಂದು ನನಗೆ ಅನ್ನಿಸುತ್ತದೆ. ಪೆಟ್ಟಿಗೆಯ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ.

ಹಾಗಾದರೆ ಹಿಂದಿನ ದಿನದವರೆಗೆ ಚೆನ್ನಾಗಿದ್ದದ್ದು ಕರೆಂಟ್ ಹೋಗಿ ಬಂದ ಮೇಲೇ ಯಾಕೆ ಸತ್ತಿತು? ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ನೋಡಿದ್ದೀರಿ. ಕೆಪಾಸಿಟರ್ ಒಳಗಿನ ದ್ರವ ಅಷ್ಟು ಗಟ್ಟಿಯಾಗುವುದಿಲ್ಲ, ಆದರೆ ತಣ್ಣಗಾದಷ್ಟೂ ಮಂದವಾಗುತ್ತದೆ, ಕರೆಂಟ್ ಹರಿಯಲು ತಡೆ ಹೆಚ್ಚುತ್ತದೆ. ಮುದಿ ಕೆಪಾಸಿಟರ್ ತನ್ನದೇ ಬಿಸಿಯಲ್ಲಿ ಹೇಗೋ ದಿನ ದೂಡುತ್ತಿತ್ತು. ಮೂರು ಗಂಟೆ ಆರಿ ತಣ್ಣಗಾಯಿತು. ಮತ್ತೆ ಏಳುವಾಗ ರೂಟರ್ ಒಂದೇ ಗುಟುಕಿಗೆ ಜಾಸ್ತಿ ಕರೆಂಟ್ ಕೇಳುತ್ತದೆ. ಅದನ್ನು ಕೊಡಲಾಗದೆ ವೋಲ್ಟೇಜ್ ಕುಸಿಯಿತು, ರೂಟರ್ ಬಿತ್ತು, ಮತ್ತೆ ಏಳಲು ನೋಡಿತು, ಮತ್ತೆ ಬಿತ್ತು. ಹತ್ತಿ ಆರುವ ದೀಪದ ಗುಟ್ಟು ಇದು. ನಮ್ಮೂರಿನಲ್ಲಿ ಮಳೆಗಾಲದ ಮೊದಲ ಗುಡುಗಿಗೆ ಸುಟ್ಟವೆಂದು ಬಿಸಾಡುವ ರೂಟರ್‌ಗಳಲ್ಲಿ ಎಷ್ಟು ಹೀಗೆ ಬದುಕಿರುವವೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ನಿಜವಾದ ಸಿಡಿಲೇಟು ಇಲ್ಲವೆಂದಲ್ಲ. ಮಾಳಿಗೆಯಿಂದ ಮಾಳಿಗೆಗೆ ತಾಮ್ರದ ಕೇಬಲ್ ಎಳೆದು ಇಂಟರ್‌ನೆಟ್ ಕೊಡುವ ಕಡೆ, ಹತ್ತಿರ ಸಿಡಿಲು ಬಡಿದರೆ ಆ ಕೇಬಲ್ಲಿನಲ್ಲೇ ಹೊಡೆತ ಒಳಗೆ ಬರುತ್ತದೆ. ಆಗ ಕೇಬಲ್ ಸಿಕ್ಕಿಸುವ ಪೋರ್ಟ್ ಸತ್ತು, ಉಳಿದದ್ದೆಲ್ಲ ನಡೆಯುತ್ತಿರುವುದೂ ಉಂಟು. ಫೈಬರ್ ಗಾಜಿನ ಎಳೆ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಆ ದಾರಿಯ ಭಯ ಇಲ್ಲ.

ಇಷ್ಟಾದ ಮೇಲೆ ನನಗೊಂದು ಅಭ್ಯಾಸ ಬಂದಿದೆ. ಯಾರಾದರೂ "ನಮ್ಮ ರೂಟರ್ ಕೈಕೊಡುತ್ತೆ" ಅಂದರೆ, ಯಾವ ಕಂಪನಿ ಎಂದು ಕೇಳುವುದಿಲ್ಲ. ಯಾವಾಗ ಎಂದು ಕೇಳುತ್ತೇನೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎನ್ನುವುದರಿಂದ ಏನೂ ತಿಳಿಯುವುದಿಲ್ಲ. ಬೇರೆ ಬೇರೆ ಕಾಯಿಲೆಗಳು ಆ ಒಂದೇ ಔಷಧಿಗೆ ತಾತ್ಕಾಲಿಕವಾಗಿ ಬಗ್ಗುತ್ತವೆ.

ಮೂರು ನಾಲ್ಕು ದಿನಕ್ಕೊಮ್ಮೆ ಸ್ತಬ್ಧವಾಗುತ್ತದೆ ಅಂದರೆ ನನಗೆ ಹಳೇ ಬೆಂಗಳೂರಿನ ವಠಾರ ನೆನಪಾಗುತ್ತದೆ. ಹತ್ತು ಮನೆ, ಬಾಗಿಲಿಗೆ ಒಂದೇ ನಂಬರು. ಬಂದ ಕಾಗದ ಯಾರದ್ದು ಎಂದು ಮಾಲೀಕರು ನೆನಪಿಟ್ಟು ಕೊಡಬೇಕು. ರೂಟರ್ ಅದೇ ಕೆಲಸ ಮಾಡುತ್ತದೆ. ಹೊರಗಿನ ಇಂಟರ್‌ನೆಟ್ಟಿಗೆ ನಮ್ಮ ಮನೆಯದು ಒಂದೇ ವಿಳಾಸ. ಒಳಗೆ ಫೋನು, ಟಿವಿ, ಲ್ಯಾಪ್‌ಟಾಪ್. ಯಾರ ಮಾತುಕತೆ ಯಾವುದು ಎಂದು ಅದು ಒಂದು ಪಟ್ಟಿ ಇಟ್ಟುಕೊಳ್ಳುತ್ತದೆ. ಒಂದೇ ಫೋನು ಹತ್ತಾರು ಮಾತುಕತೆ ತೆರೆಯುತ್ತದೆ. ಬಹುತೇಕ ರೂಟರ್‌ಗಳಲ್ಲಿ ಓಡುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಅದರ ಮೂಲ ಲೆಕ್ಕದಲ್ಲಿ, ಸರಿಯಾಗಿ ಮುಗಿಸದೆ ಬಿಟ್ಟ ಒಂದು ಸಂಪರ್ಕವನ್ನು 5 ದಿನ ನೆನಪಿಟ್ಟುಕೊಳ್ಳುತ್ತದೆ. ಅಗ್ಗದ ರೂಟರುಗಳಲ್ಲಿ 32 ಎಂಬಿ ಮೆಮೊರಿ ಮಾತ್ರ ಇರುವುದೂ ಉಂಟು. ಪಟ್ಟಿ ತುಂಬಿದರೆ ಹೊಸಬರಿಗೆ ಜಾಗ ಇಲ್ಲ. ಆಫ್ ಮಾಡಿದರೆ ಪಟ್ಟಿ ಅಳಿಸಿ ಹೋಗುತ್ತದೆ, ಅಷ್ಟೇ. ಇದಕ್ಕೆ ಫರ್ಮ್‌ವೇರ್, ಅಂದರೆ ರೂಟರಿನ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಹಾಕಿ ನೋಡಬೇಕು.

ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮಾತ್ರ ನಿಧಾನ ಅಂದರೆ, ತೊಂದರೆ ಗಾಳಿಯಲ್ಲಿ ಇರಬಹುದು. ನಮ್ಮ ಬೀದಿಯಲ್ಲಿ 30×40 ಸೈಟುಗಳು, ಗೋಡೆಗೆ ಗೋಡೆ ತಾಗಿದ ಮನೆಗಳು, ಒಂದೊಂದರಲ್ಲೂ ಮೂರು ನಾಲ್ಕು ಬಾಡಿಗೆ ಸಂಸಾರ. 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯ ವೈಫೈಗೆ ಇಲ್ಲಿ 13 ಚಾನೆಲ್, ಅಂದರೆ 13 ದಾರಿ, ಇದೆ ಎನ್ನುತ್ತೇವೆ. ಆದರೆ ಒಂದರ ಮೇಲೊಂದು ಬೀಳದ ಹಾಗೆ ಒಟ್ಟಿಗೆ ಬಳಸಬಹುದಾದವು ಮೂರೇ: 1, 6, 11. ಒಂದೇ ಚಾನೆಲ್ಲಿನಲ್ಲಿ ಇರುವವರು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ. ಜಗಳವಿಲ್ಲ, ಬರೀ ಕಾಯುವುದು. ದೂರದ ಕೋಣೆಯ ಫೋನು ಸಿಗ್ನಲ್ ಸಾಲದೆ ನಿಧಾನವಾಗಿ ಮಾತಾಡಿದರೆ ಎಲ್ಲರ ಸಮಯವೂ ಹೋಗುತ್ತದೆ, ಬಸ್ಸಿನ ಬಾಗಿಲಲ್ಲಿ ಒಬ್ಬರು ಚಿಲ್ಲರೆ ಎಣಿಸುತ್ತಾ ನಿಂತ ಹಾಗೆ. ಇಂಥ ಕಡೆ 5 ಗಿಗಾಹರ್ಟ್ಸ್ ವೈಫೈ ಒಳ್ಳೆಯದು. ಅದು ಗೋಡೆ ದಾಟುವುದು ಕಡಿಮೆ ಎಂದು ಜನ ಬೈಯುತ್ತಾರೆ, ಆದರೆ ಪಕ್ಕದ ಮನೆಯದ್ದೂ ನಮ್ಮಲ್ಲಿಗೆ ಅಷ್ಟಾಗಿ ಬರುವುದಿಲ್ಲ.

ಮಹಡಿ ಮೇಲೆ ಸಿಗ್ನಲ್ ಬರುವುದಿಲ್ಲ ಎನ್ನುವವರಿಗೆ ಒಂದು ಮಾತು. ಕಡ್ಡಿ ಆಂಟೆನಾದ ಅಲೆಗಳು ಹರಡುವುದು ಉದ್ದಿನ ವಡೆಯ ಆಕಾರದಲ್ಲಿ. ಕಡ್ಡಿ ಇರುವುದು ವಡೆಯ ತೂತಿನಲ್ಲಿ. ಅದು ನೆಟ್ಟಗೆ ನಿಂತಿದ್ದರೆ ಸರಿಯಾಗಿ ತಲೆಯ ಮೇಲೆ ಸಿಗ್ನಲ್ ಕಡಿಮೆ. ಒಂದು ಕಡ್ಡಿಯನ್ನು ಅಡ್ಡ ಮಲಗಿಸಿ ನೋಡಿ.

ಅಡಾಪ್ಟರ್ ಬದಲಿಸುವವರು ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಬೇಕು. 9 ವೋಲ್ಟ್ ಮತ್ತು 12 ವೋಲ್ಟ್ ಅಡಾಪ್ಟರ್‌ಗಳ ಪಿನ್ ಎಷ್ಟೋ ಸಲ ಒಂದೇ ಅಳತೆ ಇರುತ್ತದೆ. ವೋಲ್ಟ್ ರೂಟರಿನ ತಳದಲ್ಲಿ ಬರೆದಷ್ಟೇ ಇರಬೇಕು. ಆಂಪಿಯರ್ ಬರೆದದ್ದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ಜಾಸ್ತಿ ಇದ್ದರೆ ಅಡಾಪ್ಟರ್ ತಣ್ಣಗೂ ಇರುತ್ತದೆ. ಪಿನ್ನಿನ ನಡುವೆ ಪ್ಲಸ್ ಇದೆಯೇ ಎಂದೂ ನೋಡಿಕೊಳ್ಳಿ.

ನಮ್ಮ ಅಡಾಪ್ಟರ್ ಈಗ ಟಿವಿ ಸ್ಟ್ಯಾಂಡಿನ ಹಿಂದೆ ಉಸಿರುಕಟ್ಟಿ ಕೂತಿಲ್ಲ. ಕಿಟಕಿ ಪಕ್ಕದ ಸಾಕೆಟ್ಟಿಗೆ ಬಂದಿದೆ. ಅದರ ಮೈಮೇಲೆ ತಂದ ತಿಂಗಳು, ವರ್ಷ ಬರೆದಿಟ್ಟಿದ್ದೇನೆ. ಸುಟ್ಟುಹೋಯಿತು ಎಂದಿದ್ದ ಹಳೇ ರೂಟರಿಗೂ 150 ರೂಪಾಯಿಯದೇ ಇನ್ನೊಂದು ಅಡಾಪ್ಟರ್ ತಂದೆ. ಅದು ಕೆಳಗಿನ ಮನೆಯ ಅಜ್ಜಿಯ ಹತ್ತಿರ ಇದೆ. ಪ್ರತಿ ರಾತ್ರಿ ಅವರು ದೂರದೂರಿನಲ್ಲಿರುವ ಮೊಮ್ಮಗಳ ಮುಖ ನೋಡಿ ಮಾತಾಡುವುದು ಅದರಲ್ಲೇ.