ಕೆಮಿಸ್ಟ್ರಿ ಓದಿ ಮಡಕೆ ಚೂರಿನ ಊರು ಹೇಳೋಕಾಗುತ್ತಾ?

ಮಾಲೂರು ಕಡೆ ಬಿಎಸ್ಸಿ ಓದ್ತಿರೋ ಹುಡುಗಿ ಕೇಳಿದಾಳೆ, "ಸಾರ್, ಕೆಮಿಸ್ಟ್ರಿ ಮಾಡಿದ್ರೆ ಟೀಚರ್ ಕೆಲಸ, ಇಲ್ಲಾಂದ್ರೆ ಔಷಧಿ ಫ್ಯಾಕ್ಟರಿ, ಅಷ್ಟೇನಾ? ನ್ಯೂಕ್ಲಿಯರ್ ಸೈನ್ಸು, ಹಳೇ ಕಾಲದ ವಸ್ತು ಎರಡೂ ಒಬ್ರೇ ಮಾಡೋಕಾಗುತ್ತಾ?" ಈ ಪ್ರಶ್ನೆ ಸುಮಾರು ಜನ ಕೇಳ್ತಾರೆ. ಆಗುತ್ತಮ್ಮ, ಹೆಲೆನ್ ಮಿಷೆಲ್ ಅಂತ ಅಮೆರಿಕದ ಬರ್ಕ್ಲಿ ಲ್ಯಾಬ್‌ನಲ್ಲಿದ್ದ ಕೆಮಿಸ್ಟ್ ಮಾಡಿ ತೋರಿಸಿದಾರೆ.

ನಿಮ್ಮೂರಿನ ಹೆಂಚು ಗೊತ್ತಲ್ಲ, ಒಂದು ಕೆರೆ ಮಣ್ಣಿಗೂ ಪಕ್ಕದ ಕೆರೆ ಮಣ್ಣಿಗೂ ವ್ಯತ್ಯಾಸ ಇರುತ್ತೆ, ಅದು ಕಣ್ಣಿಗೆ ಕಾಣ್ದೇ ಇದ್ರೂ ಒಳಗಿರೋ ಎಲಿಮೆಂಟುಗಳ ಲೆಕ್ಕದಲ್ಲಿ ಸಿಕ್ಕಿಬೀಳುತ್ತೆ. ಮಡಕೆ ಚೂರಿಂದ ಒಂಚೂರು ಪುಡಿ ತೆಗೆದು ಅಣು ರಿಯಾಕ್ಟರ್‌ನಲ್ಲಿ ಇಟ್ರೆ ನ್ಯೂಟ್ರಾನ್ ಹೊಡೆದು ಕೆಲವು ಪರಮಾಣುಗಳು ರೇಡಿಯೋಆಕ್ಟಿವ್ ಆಗ್ತವೆ, ಆಮೇಲೆ ಅವು ಬಿಡೋ ಗಾಮಾ ಕಿರಣದ ಎನರ್ಜಿ ಅಳೆದ್ರೆ ಯಾವ ಎಲಿಮೆಂಟು ಎಷ್ಟಿದೆ ಅಂತ ಗೊತ್ತಾಗುತ್ತೆ, ಆ ಲೆಕ್ಕ ಯಾವ ಊರಿನ ಮಣ್ಣಿಗೆ ಹೊಂದುತ್ತೋ ಅದೇ ಮಡಕೆಯ ಊರು. ಇದಕ್ಕೆ ನ್ಯೂಟ್ರಾನ್ ಆಕ್ಟಿವೇಷನ್ ಅಂತಾರೆ.

ಇದೇ ವಿದ್ಯೆ ಇಟ್ಕೊಂಡು ಹೆಲೆನ್ನು, ಅದೇ ಲ್ಯಾಬಿನ ಕೆಮಿಸ್ಟ್ ಫ್ರಾಂಕ್ ಅಸಾರೊ ಇಬ್ರೂ 1970ರ ದಶಕದಲ್ಲಿ ಒಂದು ಹಿತ್ತಾಳೆ ಫಲಕ ಟೆಸ್ಟ್ ಮಾಡಿದ್ರು. 1936ರಲ್ಲಿ ಸಿಕ್ಕಿದ್ದು, ಇಂಗ್ಲೆಂಡಿನ ನಾವಿಕ ಫ್ರಾನ್ಸಿಸ್ ಡ್ರೇಕ್ 1579ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟುಹೋದದ್ದು ಅಂತ ಬರ್ಕ್ಲಿ ಯೂನಿವರ್ಸಿಟಿಯ ಲೈಬ್ರರಿಲಿ ಮೆರೀತಿತ್ತು. ಆ ಕಾಲದ ಹಿತ್ತಾಳೇಲಿ ಇರಬೇಕಾದ ಕಲ್ಮಶವೇ ಅದರಲ್ಲಿ ಇರ್ಲಿಲ್ಲ, ಸತುವೂ ಜಾಸ್ತಿ. ನಕಲಿ! ನಂಗೆ ಈ ಕಥೆ ಡೈನೋಸಾರ್ ಕಥೆಗಿಂತ ಇಷ್ಟ.

ಹೂಂ, ಡೈನೋಸಾರ್ ಕೂಡ ಇದೆ. ಇಟಲಿಯ ಗುಬ್ಬಿಯೋದಲ್ಲಿ (ನಮ್ ತುಮಕೂರಿನ ಗುಬ್ಬಿ ಅಲ್ಲ) 6.6 ಕೋಟಿ ವರ್ಷ ಹಳೇ ಜೇಡಿಮಣ್ಣಿನ ಪದರ, ಅದು ಎಷ್ಟು ಕಾಲದಲ್ಲಿ ಕೂತ್ಕೊಂತು ಅಂತ ನೋಡೋಕೆ, ಆಕಾಶದ ಧೂಳಿನ ಜೊತೆ ನಿಧಾನಕ್ಕೆ ಉದುರೋ ಇರಿಡಿಯಂ ಅನ್ನೋ ಲೋಹ ಅಳೆಯೋಕೆ ಹೋದ್ರೆ ಸುತ್ತಲಿನ ಕಲ್ಲಿಗಿಂತ ಸುಮಾರು 30 ಪಟ್ಟು ಸಿಕ್ತು. ಭೂಮಿಯ ಮೇಲ್ಪದರದಲ್ಲಿ ಇರಿಡಿಯಂ ಕಮ್ಮಿ, ಹಂಗಾಗಿ ದೊಡ್ಡ ಆಕಾಶಕಲ್ಲು ಬಿದ್ದಿರಬೇಕು, ಡೈನೋಸಾರ್ ಅಳಿದಿದ್ದು ಅದರಿಂದಲೇ ಅಂತ 1980ರಲ್ಲಿ ಸಂಶೋಧನಾ ಪೇಪರ್ ಬಂತು. ನಾಕು ಹೆಸರು ಅದರಲ್ಲಿ, ಜನಕ್ಕೆ ನೆನಪಿರೋದು ಮೊದಲಿನ ಅಪ್ಪ-ಮಗ ಆಲ್ವರೆಜ್ ಇಬ್ರೇ, ಅಳೆದ ಕೆಮಿಸ್ಟುಗಳಾದ ಅಸಾರೊ, ಹೆಲೆನ್ 'ಮತ್ತಿತರರು' ಆಗ್ಬಿಟ್ರು, ಇದು ಸ್ವಲ್ಪ ಅನ್ಯಾಯ ಅಂತೀನಿ ನಾನು.

ಇನ್ನು ದಾರಿ: ಲೈನ್ ಚೇಂಜ್ ಮಾಡ್ಬೇಕಾಗಿಲ್ಲ, ಎಮ್ಮೆಸ್ಸಿ ಕೆಮಿಸ್ಟ್ರಿ ಮಾಡಿ, ರೇಡಿಯೋಕೆಮಿಸ್ಟ್ರಿ (ರೇಡಿಯೋಆಕ್ಟಿವ್ ವಸ್ತುಗಳ ಕೆಮಿಸ್ಟ್ರಿ) ಎಲ್ಲಿ ಸಿಕ್ಕಿದ್ರೂ ಬಿಡ್ಬೇಡಿ, ಮುಂಬೈನ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ಟ್ರೈನಿಂಗ್ ಸ್ಕೂಲಿಗೂ ಟ್ರೈ ಮಾಡಿ. ಈ ರಜೇಲಿ ಹೆಂಚಿನ ಫ್ಯಾಕ್ಟರಿ ಕಡೆ ಹೋಗಿ, ಯಾವ ಕೆರೆ ಮಣ್ಣು ತರ್ತಾರೆ, ಯಾವುದು ಬೇಡ ಅಂತಾರೆ, ಯಾಕೆ ಅಂತ ಕೇಳ್ಕೊಂಡು ಬನ್ನಿ.